ಸಾಗಣೆಯ ಲೆಕ್ಕಕ್ಕೆ ದಾರಿ ತೋರಿದ ಕಾಂಟೊರೊವಿಚ್

ಮಕ್ಕಳೇ, ಮೊದಲು ಒಂದು ಲೆಕ್ಕ ಮಾಡೋಣ. ಎರಡು ಗೋದಾಮುಗಳಲ್ಲಿ ತಲಾ 20 ಮೂಟೆ ಅಕ್ಕಿ ಇದೆ. ‘ಕ’ ಮತ್ತು ‘ಖ’ ಎಂಬ ಎರಡು ಊರುಗಳಿಗೆ ತಲಾ 20 ಮೂಟೆ ಬೇಕು. ಮೊದಲನೆಯ ಗೋದಾಮಿನಿಂದ ಮೂಟೆಯೊಂದಕ್ಕೆ ‘ಕ’ ಊರಿಗೆ 2 ರೂಪಾಯಿ, ‘ಖ’ ಊರಿಗೆ 3 ರೂಪಾಯಿ ಬಾಡಿಗೆ. ಎರಡನೆಯ ಗೋದಾಮಿನಿಂದ ‘ಕ’ ಊರಿಗೆ 3 ರೂಪಾಯಿ, ‘ಖ’ ಊರಿಗೆ 6 ರೂಪಾಯಿ. ಎಲ್ಲಿಂದ ಎಲ್ಲಿಗೆ ಕಳುಹಿಸಿದರೆ ಖರ್ಚು ಕಡಿಮೆ?

2 ರೂಪಾಯಿಯ ದಾರಿಯೇ ಅಗ್ಗ ಎಂದು ಅದನ್ನು ಆರಿಸಿದಿರಾ? ಆಗ ಎರಡನೆಯ ಗೋದಾಮಿನ ಅಕ್ಕಿ 6 ರೂಪಾಯಿಯ ದಾರಿಯಲ್ಲೇ ಹೋಗಬೇಕು. ಒಟ್ಟು ಖರ್ಚು 160 ರೂಪಾಯಿ. ಅದಲುಬದಲು ಮಾಡಿ ಕಳುಹಿಸಿದರೆ 120 ರೂಪಾಯಿ ಸಾಕು! ಎಲ್ಲಕ್ಕಿಂತ ಅಗ್ಗದ ದಾರಿಯನ್ನು ಬಿಟ್ಟದ್ದರಿಂದಲೇ ಒಟ್ಟು ಖರ್ಚು ಇಳಿಯಿತು.

ಗೋದಾಮು ಎರಡೇ ಇದ್ದರೆ ಸುಲಭ. ನೂರು ಗೋದಾಮು, ಸಾವಿರ ಊರುಗಳಿದ್ದರೆ? ಇಂಥ ಲೆಕ್ಕಕ್ಕೆ ದಾರಿ ತೋರಿದವರಲ್ಲಿ ಮೊದಲಿಗರು ರಷ್ಯಾದ ಗಣಿತಜ್ಞ ಲಿಯೊನಿಡ್ ಕಾಂಟೊರೊವಿಚ್.

ಅವರು ಹುಟ್ಟಿದ್ದು 1912ರ ಜನವರಿ 19ರಂದು, ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ. ತಂದೆ ವೈದ್ಯರು. ಲಿಯೊನಿಡ್‌ಗೆ ಹತ್ತು ವರ್ಷವಾದಾಗ ತಂದೆ ತೀರಿಕೊಂಡರು. ಹುಡುಗನ ಓದು ನಿಲ್ಲಲಿಲ್ಲ. 14ನೆಯ ವಯಸ್ಸಿಗೇ ವಿಶ್ವವಿದ್ಯಾಲಯ ಸೇರಿ, 18ಕ್ಕೆ ಪದವಿ ಪಡೆದು, 22ಕ್ಕೆ ಪ್ರಾಧ್ಯಾಪಕರಾದರು.

1938ರಲ್ಲಿ ಪ್ಲೈವುಡ್ ತಯಾರಕರು ಅವರ ಬಳಿ ಒಂದು ಸಮಸ್ಯೆ ತಂದರು. ಎಂಟು ಯಂತ್ರಗಳು, ಐದು ಬಗೆಯ ಮರ. ಯಾವ ಯಂತ್ರಕ್ಕೆ ಯಾವ ಮರ ಕೊಟ್ಟರೆ ಹೆಚ್ಚು ಕೆಲಸವಾಗುತ್ತದೆ? ಸಾಧ್ಯತೆಗಳನ್ನೆಲ್ಲ ಒಂದೊಂದಾಗಿ ಪರೀಕ್ಷಿಸಲು ಲಕ್ಷಾಂತರ ಲೆಕ್ಕಗಳು ಬೇಕು. ಆಗ ಕಂಪ್ಯೂಟರ್ ಇರಲಿಲ್ಲ. ಕಾಂಟೊರೊವಿಚ್ ಹೊಸ ಉಪಾಯ ಕಂಡುಹಿಡಿದು 1939ರಲ್ಲಿ ಪುಟ್ಟ ಪುಸ್ತಕವೊಂದರಲ್ಲಿ ಪ್ರಕಟಿಸಿದರು. ಮುಂದೆ ಈ ಗಣಿತಕ್ಕೆ ‘ಲೀನಿಯರ್ ಪ್ರೋಗ್ರಾಮಿಂಗ್’ ಎಂಬ ಹೆಸರು ಬಂತು.

ಆ ಉಪಾಯವೇನು? ನಮ್ಮ ಅಕ್ಕಿಯ ಲೆಕ್ಕದಲ್ಲೇ ನೋಡೋಣ. ಪ್ರತಿ ಜಾಗದಲ್ಲೂ ಮೂಟೆಗೆ ಒಂದು ‘ಬೆಲೆ’ ಇದೆ ಎಂದುಕೊಳ್ಳಿ. ಮೊದಲನೆಯ ಗೋದಾಮಿನಲ್ಲಿ 10, ಎರಡನೆಯದರಲ್ಲಿ 8, ‘ಕ’ ಊರಿನಲ್ಲಿ 11, ‘ಖ’ ಊರಿನಲ್ಲಿ 13. ನಾವು ಆರಿಸಿದ ಎರಡೂ ದಾರಿಗಳಲ್ಲಿ ಬೆಲೆಗಳ ವ್ಯತ್ಯಾಸ 3, ಬಾಡಿಗೆಯೂ 3. ಬಿಟ್ಟ ದಾರಿಗಳಲ್ಲಿ ವ್ಯತ್ಯಾಸ 1 ಮತ್ತು 5, ಬಾಡಿಗೆ 2 ಮತ್ತು 6. ಅಂದರೆ ಆ ದಾರಿಗಳಲ್ಲಿ ಸಾಗಿಸಿದರೆ ನಷ್ಟವೇ. ಇಂಥ ಬೆಲೆಗಳು ಸಿಕ್ಕಿದರೆ ನಮ್ಮದೇ ಅತ್ಯಂತ ಮಿತವ್ಯಯದ ಯೋಜನೆ ಎಂದು ಖಚಿತವಾಗುತ್ತದೆ. ಉಳಿದ ಸಾಧ್ಯತೆಗಳನ್ನು ಪರೀಕ್ಷಿಸಬೇಕಾಗಿಯೇ ಇಲ್ಲ! ರೈಲುಗಳ ಸರಕು ಸಾಗಣೆಯ ಬಗ್ಗೆ ಅವರು ಗಾವುರಿನ್ ಎಂಬ ಗಣಿತಜ್ಞರೊಡನೆ 1940ರಲ್ಲೇ ಲೇಖನ ಬರೆದಿದ್ದರು. ಅದು ಅಚ್ಚಾದದ್ದು 1949ರಲ್ಲಿ.

ಅಷ್ಟರಲ್ಲಿ ಯುದ್ಧ ಬಂತು. 1941ರ ಸೆಪ್ಟೆಂಬರ್‌ನಲ್ಲಿ ಜರ್ಮನ್ ಸೈನ್ಯ ಅವರ ಊರನ್ನು ಮುತ್ತಿತು. ಊರಿನ ಹೆಸರು ಆಗ ಲೆನಿನ್‌ಗ್ರಾಡ್. ಜನರು ಹಸಿವಿನಿಂದ ಸಾಯತೊಡಗಿದರು. ಮಕ್ಕಳಿಗೆ ದಿನಕ್ಕೆ ಕೇವಲ 125 ಗ್ರಾಂ ಬ್ರೆಡ್ ಸಿಗುವ ಕಾಲವೂ ಬಂತು. ಚಳಿಗಾಲದಲ್ಲಿ ಲಡೋಗಾ ಸರೋವರ ಹೆಪ್ಪುಗಟ್ಟಿದಾಗ ಮಂಜುಗಡ್ಡೆಯ ಮೇಲೆಯೇ ಟ್ರಕ್ಕುಗಳು ಆಹಾರ ತಂದವು. ಆ ದಾರಿಗೆ ‘ಬದುಕಿನ ದಾರಿ’ ಎಂದು ಹೆಸರಾಯಿತು. ಟ್ರಕ್ಕುಗಳು ತೀರಾ ಹತ್ತಿರ ಬಂದರೆ ಮಂಜುಗಡ್ಡೆ ಬಿರಿಯಬಹುದು. ತೀರಾ ದೂರ ಇದ್ದರೆ ಊರಿಗೆ ಆಹಾರ ಸಾಲದು. ಮಂಜುಗಡ್ಡೆಯ ದಪ್ಪ ಮತ್ತು ಚಳಿಯನ್ನು ನೋಡಿ, ಟ್ರಕ್ಕುಗಳ ನಡುವೆ ಎಷ್ಟು ಅಂತರ ಇರಬೇಕೆಂದು ಲೆಕ್ಕ ಹಾಕಿದವರು ಕಾಂಟೊರೊವಿಚ್.

ಇಷ್ಟಾದರೂ ಅವರ ಗಣಿತಕ್ಕೆ ಅವರ ದೇಶದಲ್ಲೇ ಬೇಗ ಮನ್ನಣೆ ಸಿಗಲಿಲ್ಲ. ವಸ್ತುವಿನ ಬೆಲೆ ಅದಕ್ಕೆ ತಗಲಿದ ದುಡಿಮೆಯಿಂದ ಬರುತ್ತದೆ ಎಂಬುದು ಅಲ್ಲಿನ ಸರ್ಕಾರದ ಸಿದ್ಧಾಂತ. ಕಾಂಟೊರೊವಿಚ್‌ರ ‘ಬೆಲೆ’ಗಳು ಅದಕ್ಕೆ ವಿರುದ್ಧವಾಗಿ ಕಂಡವು. ಅಂಥ ಮಾತು ಆಡುವುದೇ ಅಪಾಯವಾಗಿದ್ದ ಕಾಲವದು. 1942ರಲ್ಲಿ ಬರೆದ ಅವರ ಗ್ರಂಥ ಪ್ರಕಟವಾದದ್ದು 17 ವರ್ಷಗಳ ನಂತರ, 1959ರಲ್ಲಿ. ಈ ನಡುವೆ ಅಮೆರಿಕದ ವಿಜ್ಞಾನಿಗಳು ಇದೇ ಗಣಿತವನ್ನು ತಾವಾಗಿಯೇ ಕಂಡುಹಿಡಿದಿದ್ದರು.

ಮುಂದೆ ಅವರ ಲೆಕ್ಕ ಟ್ಯಾಕ್ಸಿಗಳಿಗೂ ಉಪಯೋಗವಾಯಿತು. ಟ್ಯಾಕ್ಸಿ ಹತ್ತಿದ ಕೂಡಲೇ ಒಂದು ನಿಗದಿತ ಮೊತ್ತ, ಆಮೇಲೆ ಕಿಲೋಮೀಟರಿಗೆ ಕಡಿಮೆ ದರ ಇರಲೆಂದು ಅವರ ತಂಡ ಸೂಚಿಸಿತು. ಇದರಿಂದ ಹತ್ತಿರದ ಸವಾರಿಯೂ ಚಾಲಕನಿಗೆ ಗಿಟ್ಟುತ್ತದೆ. ನಮ್ಮ ಆಟೋಗಳ ‘ಮಿನಿಮಮ್’ ದರ ನಿಮಗೆ ಗೊತ್ತಲ್ಲವೇ?

1975ರಲ್ಲಿ ಕಾಂಟೊರೊವಿಚ್‌ರಿಗೆ ಅರ್ಥಶಾಸ್ತ್ರದ ನೊಬೆಲ್ ಬಹುಮಾನ ಬಂತು. ಅದನ್ನು ಹಂಚಿಕೊಂಡವರು, ಯುದ್ಧಕಾಲದಲ್ಲಿ ಅಮೆರಿಕದಲ್ಲಿದ್ದು ಹಡಗುಗಳ ಸಾಗಣೆಯ ಲೆಕ್ಕ ಮಾಡಿದ್ದ ಟ್ಯಾಲಿಂಗ್ ಕೂಪ್‌ಮನ್ಸ್. 1986ರ ಏಪ್ರಿಲ್ 7ರಂದು ಕಾಂಟೊರೊವಿಚ್ ಮಾಸ್ಕೋದಲ್ಲಿ ನಿಧನರಾದರು. ಇಂದು ವಿಮಾನ, ಬಸ್ಸು, ಸರಕು ವಾಹನಗಳ ಯೋಜನೆ ಮಾಡುವ ಕಂಪ್ಯೂಟರುಗಳು ಅವರ ಗಣಿತವನ್ನು ಬಳಸುತ್ತವೆ.

ನೀವೇ ಮಾಡಿ ನೋಡಿ: ರಸ್ತೆ ದುರಸ್ತಿಯಾಗಿ 6 ರೂಪಾಯಿಯ ಬಾಡಿಗೆ 3ಕ್ಕೆ ಇಳಿದರೆ ಯಾವ ಯೋಜನೆ ಒಳ್ಳೆಯದು? 4ಕ್ಕೆ ಇಳಿದರೆ?