ಹ್ಯೂಯೆನ್ ತ್ಸಾಂಗನ ದಾರಿಖರ್ಚು

ಹ್ಯೂಯೆನ್ ತ್ಸಾಂಗ್ ಎಂದರೆ ಹರ್ಷ, ಪುಲಕೇಶಿಯರ ಕಾಲದ ಚೀನೀ ಯಾತ್ರಿಕ ಅಂತ ನಾನೂ ಬಾಯಿಪಾಠ ಮಾಡಿದ್ದೆ. ಅಷ್ಟು ದೂರ ಬರೋಕೆ ಖರ್ಚು ಯಾರು ಕೊಟ್ರು ಅಂತ ಯೋಚನೆಯೇ ಬಂದಿರಲಿಲ್ಲ.

ಚಿಕ್ಕಂದಿನಲ್ಲೇ ಅಣ್ಣನ ಹಿಂದೆ ಬೌದ್ಧ ಮಠ ಸೇರಿದವನು ಅವನು. ಮೂಲ ಗ್ರಂಥಗಳನ್ನೇ ಓದಬೇಕೆಂದು ಕ್ರಿ.ಶ. 629ರ ಸುಮಾರಿಗೆ ಭಾರತಕ್ಕೆ ಹೊರಟ. ಅಪ್ಪಣೆ ಸಿಗಲಿಲ್ಲ, ಕದ್ದು ಗಡಿ ದಾಟಿದ. ಮರುಭೂಮಿಯಲ್ಲಿ ನೀರಿನ ಚೀಲ ಕೈಜಾರಿ ಚೆಲ್ಲಿಹೋಯ್ತು. ಸಾಯದೆ ಉಳಿದದ್ದೇ ಹೆಚ್ಚು.

ಮುಂದೆ ಗಾವೋಚಾಂಗಿನ ರಾಜ, ಗುರುವಾಗಿ ತನ್ನಲ್ಲೇ ಇರಬೇಕೆಂದು ಹಠ ಹಿಡಿದ. ಇವನು ಮೂರು ದಿನ ಅನ್ನ ನೀರು ಮುಟ್ಟಲಿಲ್ಲ. ರಾಜ ಸೋತ. ಇಪ್ಪತ್ತು ವರ್ಷಕ್ಕಾಗುವಷ್ಟು ಚಿನ್ನ, ಬೆಳ್ಳಿ, ರೇಷ್ಮೆ, 30 ಕುದುರೆ, ದಾರಿಯ ರಾಜರಿಗೆ 24 ಪತ್ರ ಕೊಟ್ಟ. ಹಿಂದಿರುಗುವಾಗ ಮೂರು ವರ್ಷ ತನ್ನಲ್ಲಿರಬೇಕೆಂದು ಮಾತು ತಗೊಂಡ.

ನಳಂದದಲ್ಲಿ ಮುಪ್ಪಿನ ಶೀಲಭದ್ರರು ಪಾಠ ಹೇಳಿದರು. ಅಲ್ಲಿ ಊಟದ ಚಿಂತೆಯಿಲ್ಲ. ಸುಮಾರು ನೂರು ಹಳ್ಳಿಯವರು ದಿನಾ ಅಕ್ಕಿ, ಹಾಲು, ಬೆಣ್ಣೆ ಕಳಿಸುತ್ತಿದ್ದರಂತೆ. ನಮ್ಮಂಥ ಹಳ್ಳಿಗಳೇ ಇರಬೇಕು!

645ರಲ್ಲಿ 657 ಗ್ರಂಥಗಳೊಂದಿಗೆ ಊರಿಗೆ ಮರಳಿ, 664ರಲ್ಲಿ ಸಾಯುವ ತನಕ ಅನುವಾದ ಮಾಡುತ್ತಲೇ ಇದ್ದ. ಆ ಮೂರು ವರ್ಷದ ಮಾತು ಮಾತ್ರ ನಡೆಸಲಾಗಲಿಲ್ಲ. ರಾಜ 640ರಲ್ಲೇ ತೀರಿಕೊಂಡಿದ್ದ. ಅವನ ರಾಜ್ಯವೂ ಚೀನಾ ಚಕ್ರವರ್ತಿಯ ಪಾಲಾಗಿತ್ತು.