ದೊಡ್ಡರೋಗದ ಬೆನ್ನು ಹತ್ತಿದ ರಾಬರ್ಟ್ ಕಾಕ್

ಕ್ಷಯದ ಕ್ರಿಮಿಯನ್ನು 1882ರಲ್ಲಿ ಕಂಡುಹಿಡಿದ ರಾಬರ್ಟ್ ಕಾಕ್ ಅವರ ಹೆಸರನ್ನು ಶಾಲೆಯಲ್ಲಿ ನಾವೆಲ್ಲ ಕೇಳಿದ್ದೇವೆ. ಅವರು ದನಗಳ ದೊಡ್ಡರೋಗದ ಮೂಲ ಹುಡುಕಿದ ಸಂಗತಿ ಮಾತ್ರ ಪಾಠದಲ್ಲಿ ಬರಲಿಲ್ಲ. ಹಾಲು ಹಾಕುವ ನಮಗೆ ಬೇಕಾದ್ದು ಅದೇ.

ಕಾಕ್ ಹುಟ್ಟಿದ್ದು 1843ರಲ್ಲಿ, ಜರ್ಮನಿಯಲ್ಲಿ. ಹಳ್ಳಿಗಾಡಿನ ಡಾಕ್ಟರಾಗಿದ್ದಾಗಲೇ, ಕುರಿ ದನಗಳ ನೆರಡಿ ರೋಗಕ್ಕೆ ಇಂಥದ್ದೇ ಕ್ರಿಮಿ ಕಾರಣ ಅಂತ 1876ರಲ್ಲಿ ತೋರಿಸಿಕೊಟ್ಟರು.

1896ರಲ್ಲಿ ದೊಡ್ಡರೋಗ ದಕ್ಷಿಣ ಆಫ್ರಿಕಕ್ಕೆ ನುಗ್ಗಿತು. ಮೊದಲು ಜ್ವರ, ಬಾಯಿ ಹುಣ್ಣು, ಆಮೇಲೆ ನಾರುವ ಭೇದಿ. ಕರುಳು ಕೆಟ್ಟು ವಾರ ಹತ್ತು ದಿನದೊಳಗೆ ದನ ನೆಲ ಹಿಡಿಯುವುದು. ನಮ್ಮ ಹಿರಿಯರು ಹಟ್ಟಿ ಬರಿದಾಗಿದ್ದನ್ನು ಕಂಡ ರೋಗವೇ ಅದು. ಅಲ್ಲಿನ ಸರ್ಕಾರ ಕಾಕ್ ಅವರನ್ನು ಕರೆಸಿತು. ಡಿಸೆಂಬರಿನಲ್ಲಿ ಕಿಂಬರ್ಲಿಗೆ ಬಂದು ಎಷ್ಟು ಹುಡುಕಿದರೂ ಕ್ರಿಮಿ ಸಿಗಲೇ ಇಲ್ಲ. ಸಿಗೋದಾದ್ರೂ ಹೇಗೆ? ಅದು ವೈರಸ್, ಆಗಿನ ಸೂಕ್ಷ್ಮದರ್ಶಕಕ್ಕೆ ಕಾಣುವಂಥದ್ದಲ್ಲ.

ಆದರೂ ಅವರು ಕೈಚೆಲ್ಲಲಿಲ್ಲ. ರೋಗದಿಂದ ಸತ್ತ ದನದ ಪಿತ್ತರಸ ತೆಗೆದು ಚೆನ್ನಾಗಿರುವ ದನಕ್ಕೆ ಚುಚ್ಚಿದರು. ಹಾಗೆ ಚುಚ್ಚಿಸಿಕೊಂಡ ದನಗಳು ರೋಗ ತಡೆದುಕೊಂಡವು. 1897ರ ಫೆಬ್ರವರಿಯಲ್ಲಿ ಈ ಕ್ರಮವನ್ನು ಪ್ರಕಟಿಸಿದರು. ಇದು ಪೂರಾ ಭರವಸೆಯದ್ದು ಅನ್ನೋಹಾಗಿರಲಿಲ್ಲ, ಕೆಲವು ಕಡೆ ಆ ಪಿತ್ತದಿಂದಲೇ ರೋಗ ಹತ್ತಿತು. ಆದರೂ ಎಷ್ಟೋ ರೈತರ ಕೊಟ್ಟಿಗೆ ಉಳಿಯಿತು.

ಅದೇ ವರ್ಷ ಪ್ಲೇಗ್ ಪರಿಶೀಲಿಸಲು ಬೊಂಬಾಯಿಗೆ ಬಂದ ಅವರು ಹಿಮಾಲಯದ ಮುಕ್ತೇಶ್ವರದಲ್ಲಿದ್ದ ಜಾನುವಾರು ಪ್ರಯೋಗಾಲಯಕ್ಕೂ ಹೋಗಿ ಬಂದರು. 1905ರಲ್ಲಿ ನೊಬೆಲ್ ಬಹುಮಾನ ಬಂತು, 1910ರಲ್ಲಿ ತೀರಿಕೊಂಡರು. ಮುಕ್ತೇಶ್ವರದಲ್ಲೇ 1920ರ ದಶಕದಲ್ಲಿ ಎಡ್ವರ್ಡ್ಸ್ ಎಂಬುವರು ಮೇಕೆಗಳ ಮೂಲಕ ದೊಡ್ಡರೋಗದ ಲಸಿಕೆ ತಯಾರಿಸಿದರು. ಕೊನೆಗೆ 2011ರಲ್ಲಿ ಈ ರೋಗ ಭೂಮಿ ಮೇಲಿಂದಲೇ ಹೋಯಿತೆಂದು ಸಾರಲಾಯಿತು.