ರಾಮಾನುಜನ್ ಹಾಕಿದ ಎರಡು ಅರ್ಜಿ

ಸಿ.ವಿ. ಅಂದ್ರೆ ನಮ್ಮಲ್ಲಿ ಬಹಳ ಜನಕ್ಕೆ ಸೀನಿಯರ್ ಹತ್ರ ಇಸ್ಕೊಂಡ ಒಂದು ವರ್ಡ್ ಫೈಲು. ಹೆಸರು ಬದಲಾಯಿಸು, ಸಿಜಿಪಿಎ ಬದಲಾಯಿಸು, ಕಳಿಸು. ಬ್ಯಾಕ್‌ಲಾಗ್ ಇದ್ರೆ ಅದನ್ನ ಎಲ್ಲಿ ಬಚ್ಚಿಡೋದು ಅನ್ನೋದೇ ದೊಡ್ಡ ತಲೆನೋವು. ಶ್ರೀನಿವಾಸ ರಾಮಾನುಜನ್ ಅವರಿಗೂ ಇದೇ ತಲೆನೋವು ಇತ್ತು. 1729ರ ಕಥೆ ಎಲ್ರಿಗೂ ಗೊತ್ತು. ಅವರು ಕೆಲಸ ಹುಡುಕ್ತಾ ಅಲೆದ ವರ್ಷಗಳ ಕಥೆ ಅಷ್ಟು ಜನಕ್ಕೆ ಗೊತ್ತಿಲ್ಲ, ನನಗೆ ಹೆಚ್ಚು ಹಿಡಿಸಿದ್ದು ಅದೇ.

ಅವರು ಹುಟ್ಟಿದ್ದು 1887ರ ಡಿಸೆಂಬರ್ 22ರಂದು, ಈರೋಡಿನಲ್ಲಿ ಅಜ್ಜಿ ಮನೇಲಿ. ಬೆಳೆದದ್ದು ಕುಂಭಕೋಣದಲ್ಲಿ. ಅಪ್ಪ ಸೀರೆ ಅಂಗಡಿಯಲ್ಲಿ ಗುಮಾಸ್ತ. ಸ್ಕೂಲಲ್ಲಿ ಎಲ್ಲಾ ಸರಿಯಾಗೇ ಇತ್ತು, ಗಣಿತಕ್ಕೆ ಬಹುಮಾನ ಕೂಡ ಬಂತು. ಹದಿನಾರರ ಆಸುಪಾಸಿನಲ್ಲಿ ಕಾರ್ ಎಂಬುವರು ಬರೆದ ಒಂದು ಪುಸ್ತಕ ಕೈಗೆ ಸಿಕ್ತು. ಸುಮಾರು 5000 ಸೂತ್ರಗಳು ಸಾಲಾಗಿ ಇರೋ ಪುಸ್ತಕ, ಹೆಚ್ಚಿನವಕ್ಕೆ ಸರಿಯಾದ ಪ್ರೂಫ್ ಇಲ್ಲ. ಒಂಥರಾ ಪರೀಕ್ಷೆಯ ಹಿಂದಿನ ರಾತ್ರಿ ನಾವು ಓದೋ ಫಾರ್ಮುಲಾ ಶೀಟು. ಅವರು ಅದನ್ನೇ ಹಿಡಿದು ಒಂದೊಂದನ್ನೂ ತಾವೇ ಸಾಧಿಸ್ತಾ ಹೋದ್ರು. ಪ್ರೂಫ್ ಬಿಟ್ಟು ಉತ್ತರ ಮಾತ್ರ ಬರೆಯೋ ಅಭ್ಯಾಸ ಅಲ್ಲೇ ಹತ್ತಿರಬೇಕು. ಅದು ಮುಂದೆ ತೊಂದರೆ ಕೊಡುತ್ತೆ.

1904ರಲ್ಲಿ ಕುಂಭಕೋಣದ ಸರ್ಕಾರಿ ಕಾಲೇಜಿಗೆ ಸ್ಕಾಲರ್‌ಶಿಪ್ ಮೇಲೆ ಸೇರಿದರು. ಗಣಿತ ಬಿಟ್ಟು ಬೇರೆ ಏನನ್ನೂ ಓದಲಿಲ್ಲ. ಇಂಗ್ಲಿಷಿನಲ್ಲಿ ಫೇಲ್, ಸ್ಕಾಲರ್‌ಶಿಪ್ ಹೋಯ್ತು. ಮನೆಗೆ ಹೇಳದೆ ವಿಶಾಖಪಟ್ಟಣಕ್ಕೆ ಓಡಿಹೋದ್ರು, ವಾಪಸ್ ಬಂದ್ರು. ಆಮೇಲೆ ಮದ್ರಾಸಿನ ಪಚ್ಚಯ್ಯಪ್ಪ ಕಾಲೇಜು. ಎಫ್.ಎ. ಪರೀಕ್ಷೆ, ಅಂದ್ರೆ ಹೆಚ್ಚುಕಡಿಮೆ ನಮ್ಮ ಪಿಯುಸಿ ಇದ್ದ ಹಾಗೆ, ಅದರಲ್ಲಿ 1906ರಲ್ಲೂ ಫೇಲ್, 1907ರಲ್ಲೂ ಫೇಲ್. ಅಲ್ಲಿಗೆ ಡಿಗ್ರಿ ಆಸೆ ಮುಗೀತು. 1909ರಲ್ಲಿ ಮದುವೆ ಬೇರೆ ಆಯ್ತು. ಕೈಯಲ್ಲಿ ಇದ್ದದ್ದು ನೋಟ್‌ಬುಕ್ಕುಗಳು ಮಾತ್ರ.

1910ರಲ್ಲಿ ಅವರು ತಿರುಕೊಯ್ಲೂರಿಗೆ ಹೋಗಿ ಡೆಪ್ಯುಟಿ ಕಲೆಕ್ಟರ್ ವಿ. ರಾಮಸ್ವಾಮಿ ಅಯ್ಯರ್ ಅವರನ್ನ ಕಂಡರು. ಭಾರತದ ಗಣಿತ ಸಂಘವನ್ನ ಕಟ್ಟಿದವರು ಇವರೇ. ರಾಮಾನುಜನ್ ಕೇಳಿದ್ದು ಕಂದಾಯ ಇಲಾಖೆಯಲ್ಲಿ ಒಂದು ಸಣ್ಣ ಗುಮಾಸ್ತನ ಕೆಲಸ, ತೋರಿಸಿದ್ದು ನೋಟ್‌ಬುಕ್. ಅಯ್ಯರ್ ಅವರಿಗೆ ಈ ಹುಡುಗನನ್ನ ತಾಲೂಕು ಕಚೇರಿಯಲ್ಲಿ ಕೂರಿಸಿ ಹಾಳುಮಾಡೋಕೆ ಮನಸ್ಸು ಬರಲಿಲ್ಲ. ಪರಿಚಯ ಪತ್ರಗಳನ್ನ ಕೊಟ್ಟು ಮದ್ರಾಸಿಗೆ ಕಳಿಸಿದರು. ಹಾಗೆ ಕೈಯಿಂದ ಕೈಗೆ ಹೋಗಿ ನೆಲ್ಲೂರಿನ ಕಲೆಕ್ಟರ್ ರಾಮಚಂದ್ರ ರಾವ್ ಅವರ ತನಕ ತಲುಪಿದರು. ಅವರು ತಿಂಗಳಿಗೆ 25 ರೂಪಾಯಿ ಕೊಡ್ತಾ ಇದ್ರು. ಇನ್ನೊಬ್ಬರ ದುಡ್ಡಿನಲ್ಲಿ ಬದುಕೋದು ರಾಮಾನುಜನ್‌ಗೆ ಹಿಡಿಸಲಿಲ್ಲ, ಮತ್ತೆ ಕೆಲಸ ಹುಡುಕೋಕೆ ಶುರುಮಾಡಿದರು.

ಮೊದಲನೇ ಅರ್ಜಿ 1912ರ ಫೆಬ್ರವರಿ 9ರದ್ದು, ಮದ್ರಾಸ್ ಪೋರ್ಟ್ ಟ್ರಸ್ಟಿನ ಲೆಕ್ಕಪತ್ರ ವಿಭಾಗಕ್ಕೆ. ಬಹಳ ಚಿಕ್ಕದು. ಮೆಟ್ರಿಕ್ಯುಲೇಶನ್ ಪಾಸ್, ಎಫ್.ಎ. ತನಕ ಓದಿದ್ದೀನಿ, ಪರಿಸ್ಥಿತಿ ಸರಿ ಇಲ್ಲದೆ ಮುಂದೆ ಓದೋಕಾಗಲಿಲ್ಲ, ಆಮೇಲಿನ ಸಮಯವನ್ನೆಲ್ಲ ಗಣಿತಕ್ಕೆ ಕೊಟ್ಟಿದ್ದೀನಿ, ಈ ಕೆಲಸ ಮಾಡಬಲ್ಲೆ ಅನ್ನೋ ನಂಬಿಕೆ ಇದೆ ಅನ್ನೋ ಅರ್ಥದ ಕೆಲವೇ ಸಾಲು. ಇಲ್ಲಿ ಗಮನಿಸಿ: ಫೇಲ್ ಅನ್ನೋ ಪದ ಎಲ್ಲೂ ಇಲ್ಲ. ಆದ್ರೆ ಪಾಸ್ ಅಂತಲೂ ಬರೆದಿಲ್ಲ. ನಡುವಿನ ಐದು ವರ್ಷ ಏನು ಮಾಡ್ತಾ ಇದ್ದೆ ಅಂತ ಕೇಳೋ ಮೊದಲೇ ಒಂದು ವಾಕ್ಯದಲ್ಲಿ ಹೇಳಿಬಿಟ್ಟಿದ್ದಾರೆ. ನೋಟ್‌ಬುಕ್ ತುಂಬಾ ಸೂತ್ರ ಇದ್ರೂ ಒಂದನ್ನೂ ಇಲ್ಲಿ ಬರೆಯಲಿಲ್ಲ. ಲೆಕ್ಕ ಬರೆಯೋ ಕೆಲಸಕ್ಕೆ ಅದು ಯಾರಿಗೆ ಬೇಕು? ಜೊತೆಗೆ ಪ್ರೆಸಿಡೆನ್ಸಿ ಕಾಲೇಜಿನ ಗಣಿತ ಪ್ರೊಫೆಸರ್ ಮಿಡಲ್‌ಮಾಸ್ಟ್ ಅವರ ಶಿಫಾರಸು ಇತ್ತು. ಮಾರ್ಚ್ 1ಕ್ಕೆ ಕೆಲಸಕ್ಕೆ ಸೇರಿದರು, ತಿಂಗಳಿಗೆ 30 ರೂಪಾಯಿ.

ಅದೃಷ್ಟ ನೋಡಿ, ಅಲ್ಲಿ ಮೇಲಿನವರು ನಾರಾಯಣ ಅಯ್ಯರ್, ಸ್ವತಃ ಗಣಿತದವರು. ಅವರಿಗೂ ಮೇಲೆ ಚೇರ್ಮನ್ ಸರ್ ಫ್ರಾನ್ಸಿಸ್ ಸ್ಪ್ರಿಂಗ್, ನಮ್ಮ ಜಾತಿಯವರು, ಅಂದ್ರೆ ಎಂಜಿನಿಯರ್. ಇಂಗ್ಲೆಂಡಿನವರಿಗೆ ಬರಿ ಅಂತ ಹುರಿದುಂಬಿಸಿದವರು ಇವರು. ಮದ್ರಾಸ್ ಎಂಜಿನಿಯರಿಂಗ್ ಕಾಲೇಜಿನ, ಅಂದ್ರೆ ಇವತ್ತಿನ ಗಿಂಡಿ ಕಾಲೇಜಿನ ಸಿವಿಲ್ ಪ್ರೊಫೆಸರ್ ಗ್ರಿಫಿತ್ ಕೂಡ ಲಂಡನ್ನಿನ ತಮ್ಮ ಗುರು ಹಿಲ್ ಅವರಿಗೆ ಬರೆದರು. ಹಿಲ್ ತಪ್ಪುಗಳನ್ನ ತೋರಿಸಿ ಓದೋಕೆ ಒಂದು ಪುಸ್ತಕ ಹೇಳಿದರು, ಅಷ್ಟೇ. ಕೇಂಬ್ರಿಡ್ಜಿನ ಬೇಕರ್ ಮತ್ತು ಹಾಬ್ಸನ್ ಅವರಿಗೆ ಬರೆದದ್ದರಿಂದಲೂ ಏನೂ ಪ್ರಯೋಜನ ಆಗಲಿಲ್ಲ.

ಎರಡನೇ ಅರ್ಜಿ 1913ರ ಜನವರಿ 16ರದ್ದು, ಕೇಂಬ್ರಿಡ್ಜಿನ ಹಾರ್ಡಿ ಅವರಿಗೆ. ಪರಿಚಯ ಮೊದಲ ಕೆಲವು ಸಾಲಲ್ಲೇ ಮುಗಿಯುತ್ತೆ: ಪೋರ್ಟ್ ಟ್ರಸ್ಟ್ ಗುಮಾಸ್ತ, ವರ್ಷಕ್ಕೆ 20 ಪೌಂಡ್ ಸಂಬಳ, ಯೂನಿವರ್ಸಿಟಿ ಓದು ಇಲ್ಲ. (ವಯಸ್ಸು ಸುಮಾರು 23 ಅಂತ ಬರೆದರು, ಆಗಿದ್ದದ್ದು 25. ಇದನ್ನ ಕಾಪಿ ಮಾಡ್ಬೇಡಿ, ಎಚ್.ಆರ್. ಆಧಾರ್ ಕೇಳ್ತಾರೆ.) ಅದಾದ ತಕ್ಷಣ ಹಾರ್ಡಿ ಅವರದ್ದೇ ಒಂದು ಕಿರುಪುಸ್ತಕದ ಮಾತು. ಅವಿಭಾಜ್ಯ ಸಂಖ್ಯೆಗಳ ಎಣಿಕೆಗೆ ನಿಖರವಾದ ಸೂತ್ರ ಸಿಕ್ಕಿಲ್ಲ ಅಂತ ಅದರಲ್ಲಿ ಹಾರ್ಡಿ ಬರೆದಿದ್ರು, ಅದು ನನ್ನ ಹತ್ರ ಇದೆ ಅಂತ ಇವರು ಬರೆದರು. ಆಮೇಲೆ ಪುಟಗಟ್ಟಲೆ ಸೂತ್ರಗಳು, ನೂರಕ್ಕೂ ಹೆಚ್ಚು.

ತಮಾಷೆ ಏನಂದ್ರೆ ಆ ಅವಿಭಾಜ್ಯ ಸಂಖ್ಯೆಗಳ ಸೂತ್ರವೇ ತಪ್ಪಾಗಿತ್ತು! ಹಾರ್ಡಿಗೂ ಮೊದಲು ಇದು ಯಾರೋ ಮಾಡಿದ ಮೋಸ ಇರಬಹುದಾ ಅಂತ ಅನುಮಾನ ಬಂತು. ಅವತ್ತೇ ರಾತ್ರಿ ಗೆಳೆಯ ಲಿಟಲ್‌ವುಡ್ ಜೊತೆ ಕೂತು ಒಂದೊಂದಾಗಿ ನೋಡಿದರು. ಕೆಲವು ಹಳೇವು, ಕೆಲವು ತಪ್ಪು, ಕೆಲವು ಅವರಿಬ್ಬರೂ ಎಲ್ಲೂ ಕಾಣದಂಥವು. ಸುಳ್ಳು ಹೇಳೋನಿಗೆ ಇಂಥವನ್ನ ಕಲ್ಪಿಸೋಕೂ ಸಾಧ್ಯ ಇಲ್ಲ ಅನ್ನೋ ತೀರ್ಮಾನಕ್ಕೆ ಬಂದರು. ಗುಮಾಸ್ತ, ಡಿಗ್ರಿ ಇಲ್ಲ ಅನ್ನೋ ಸಾಲುಗಳಷ್ಟೇ ಇದ್ದಿದ್ರೆ ಆ ಕವರ್ ಕಸದ ಬುಟ್ಟಿಗೆ ಹೋಗ್ತಿತ್ತು. ಮಾಡಿದ ಕೆಲಸ ಅದೇ ಕವರ್‌ನಲ್ಲಿತ್ತು, ಅದನ್ನ ಓದಿ ತೂಗಬಲ್ಲವರ ಕೈಗೇ ಹೋಗಿತ್ತು.

ಹಾರ್ಡಿ ಫೆಬ್ರವರಿ 8ಕ್ಕೆ ಉತ್ತರ ಬರೆದು ಪ್ರೂಫ್ ಕೇಳಿದರು. ರಾಮಾನುಜನ್ ಪ್ರೂಫ್ ಕಳಿಸಲಿಲ್ಲ, ಇನ್ನಷ್ಟು ಸೂತ್ರ ಕಳಿಸಿದರು. ಜೊತೆಗೆ, ತಲೆ ಓಡಬೇಕಾದ್ರೆ ಹೊಟ್ಟೆಗೆ ಬೇಕು, ಸ್ಕಾಲರ್‌ಶಿಪ್ಪಿಗೆ ನೆರವಾಗೋ ಹಾಗೆ ನಿಮ್ಮದೊಂದು ಕಾಗದ ಸಿಕ್ಕರೆ ಸಾಕು ಅನ್ನೋ ಅರ್ಥದಲ್ಲಿ ನೇರವಾಗಿ ಕೇಳಿದರು. ಅಷ್ಟು ನೇರವಾಗಿ ಕೇಳೋಕೆ ನಮಗೆ ಈಗಲೂ ಸಂಕೋಚ. ಹವಾಮಾನ ಇಲಾಖೆಯ ಮುಖ್ಯಸ್ಥ ಗಿಲ್ಬರ್ಟ್ ವಾಕರ್ ಕೂಡ ಶಿಫಾರಸು ಮಾಡಿದ ಮೇಲೆ ಮದ್ರಾಸ್ ವಿಶ್ವವಿದ್ಯಾಲಯ ಡಿಗ್ರಿ ಇಲ್ಲದ ಇವರಿಗೆ ತಿಂಗಳಿಗೆ 75 ರೂಪಾಯಿ ಸ್ಕಾಲರ್‌ಶಿಪ್ ಕೊಟ್ಟಿತು.

ಮುಂದಿನದು ಗೊತ್ತಿರೋ ಕಥೆ. 1914ರ ಮಾರ್ಚ್ 17ಕ್ಕೆ ಹಡಗು ಹತ್ತಿದರು. 1916ರಲ್ಲಿ ಕೇಂಬ್ರಿಡ್ಜ್ ಡಿಗ್ರಿ, 1918ರಲ್ಲಿ ರಾಯಲ್ ಸೊಸೈಟಿಯ ಫೆಲೋ, ಅದೇ ವರ್ಷ ಟ್ರಿನಿಟಿಯ ಫೆಲೋ. ಅಷ್ಟರಲ್ಲಿ ಕಾಯಿಲೆ ಹಿಡಿದಿತ್ತು. 1919ರಲ್ಲಿ ವಾಪಸ್ ಬಂದರು, 1920ರ ಏಪ್ರಿಲ್ 26ರಂದು ತೀರಿಕೊಂಡರು. ವಯಸ್ಸು 32.

ಅದೇ ವರ್ಷ ಜನವರಿಯಲ್ಲಿ ಹಾರ್ಡಿಗೆ ಕೊನೆಯ ಕಾಗದ ಬರೆದಿದ್ದರು. ಹೊಸ ಬಗೆಯ ಫಂಕ್ಷನ್‌ಗಳು ಸಿಕ್ಕಿವೆ ಅಂತ ತಿಳಿಸಿ, ಅವುಗಳಿಗೆ ಮಾಕ್ ಥೀಟಾ ಅಂತ ಹೆಸರಿಟ್ಟು, ಉದಾಹರಣೆಗಳನ್ನ ಸಾಲಾಗಿ ಬರೆದಿದ್ದರು. ಆ ಕಾಗದದಲ್ಲಿ ಸಂಬಳ, ವಯಸ್ಸು, ಓದು ಯಾವುದನ್ನೂ ಹೇಳ್ಕೊಳ್ಳೋ ಅಗತ್ಯ ಬೀಳಲಿಲ್ಲ.